ಮಕ್ಕಳ ರಾಕೆಟ್‌ಗೆ ಒಂದು ಸರಿಯಾದ ನಿಯಮ ಕೊಡಿ

ನಿನ್ನೆ ಬೀದರ್‌ನ ಒಂದು ಕಚೇರಿಯಿಂದ ಹೊರಗೆ ಬಂದಾಗಿನಿಂದ ತಲೆ ಕಾದಿದೆ. ನಾನು ಪಾಠ ಮಾಡೋ ಒಂಬತ್ತನೇ ಕ್ಲಾಸಿನ ಮಕ್ಕಳನ್ನ ಕರಕೊಂಡು ಹೋಗಿದ್ದೆ. ರಟ್ಟಿನ ಕೊಳವೆ, ತೆಳು ಕಟ್ಟಿಗೆಯ ರೆಕ್ಕೆ, ಹಳೇ ಛತ್ರಿ ಬಟ್ಟೆಯ ಪ್ಯಾರಾಶೂಟ್, ಎಲ್ಲ ತಾವೇ ಮಾಡಿದ್ದರು. ತೊಗರಿ ರಾಶಿ ಮುಗಿದ ಹೊಲವನ್ನೂ ನೋಡಿಟ್ಟಿದ್ದರು. ಇಂಧನ ಉರಿದು ರಾಕೆಟ್ಟನ್ನ ಮೇಲೆ ತಳ್ಳೋ ಮೋಟರ್ ಒಂದೇ ಇರಲಿಲ್ಲ. ಕಾನೂನು ಪ್ರಕಾರ ಸಣ್ಣ ಮೋಟರ್ ಎಲ್ಲಿ ಸಿಗುತ್ತೆ, ಹಾರಿಸೋಕೆ ಯಾರ ಅನುಮತಿ ಬೇಕು? ಇಷ್ಟೇ ನಮ್ಮ ಪ್ರಶ್ನೆ.

ಸಾಹೇಬರು ಅರ್ಜಿ ಪೂರ್ತಿ ಓದಲೂ ಇಲ್ಲ. "ಇದು ಸ್ಫೋಟಕ. ಕೇಸಾದರೆ ಈ ಮಕ್ಕಳ ಗತಿ ಏನು? ಮಾಸ್ತರಾಗಿ ನಿಮಗೆ ಇದೆಲ್ಲ ಯಾಕೆ?" ಅಂದರು. ಅದೂ ಮಕ್ಕಳ ಎದುರಿಗೇ. ಹಾಗಾದರೆ ಯಾರನ್ನ ಕೇಳಬೇಕು ಅಂದರೆ ಉತ್ತರ ಇಲ್ಲ.

ಕಾನೂನು ನನಗೂ ಗೊತ್ತು. 1884ರ ಸ್ಫೋಟಕ ಕಾಯ್ದೆ ಪಟಾಕಿ, ಡಿಟೋನೇಟರ್, ಮದ್ದುಗುಂಡುಗಳ ಜೊತೆಗೇ ರಾಕೆಟ್ಟನ್ನೂ ಸೇರಿಸಿದೆ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 3 ವರ್ಷದವರೆಗೆ ಜೈಲು. ಇರಲಿ, ಇರಬೇಕು. ಮನೆಯಲ್ಲಿ ಇಂಧನ ಕಲಸೋದನ್ನ ನಾನು ಯಾವತ್ತೂ ಒಪ್ಪಲ್ಲ. ಆದರೆ ಮಕ್ಕಳು ಮನೆಯಲ್ಲಿ ಕಲಸಬಾರದು ಅಂತಲೇ ನಾವು ಅಲ್ಲಿಗೆ ಹೋಗಿದ್ದು!

ಮೆಟ್ಟಿಲು ಇಳಿಯುವಾಗ ಒಬ್ಬ ಹುಡುಗ ಮೆಲ್ಲಗೆ ಹೇಳಿದ: "ಸರ್, ಯೂಟ್ಯೂಬ್‌ನಲ್ಲಿ ಮನೇಲೇ ಮಾಡೋದು ತೋರಿಸ್ತಾರೆ." ನನ್ನ ಎದೆ ಝಲ್ ಅಂತು. ಅವನಿಗೆ ಗದರಿದೆ, ಅವರಪ್ಪನಿಗೂ ಫೋನ್ ಮಾಡಿ ಹೇಳಿದೆ. ಆದರೆ ಆ ಯೋಚನೆ ಅವನ ತಲೆಗೆ ಬಂದದ್ದು ಯಾಕೆ? ಕೇಳಿಕೊಂಡು ಹೋದ ಬಾಗಿಲು ಮುಖಕ್ಕೇ ಹಾಕಿದ್ದಕ್ಕೆ ಅಲ್ವಾ?

ಇದು ಹೊಸ ಸಮಸ್ಯೆಯೇನಲ್ಲ. 1957ರಲ್ಲಿ ರಷ್ಯಾದ ಮೊದಲ ಉಪಗ್ರಹ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದ ಹುಡುಗರೂ ಮನೆಯಲ್ಲೇ ಇಂಧನ ಮಾಡೋಕೆ ಹೋಗಿ ಕೈ, ಕಣ್ಣು ಕಳಕೊಂಡರು. ಅದಕ್ಕೆ ದಾರಿ ತೋರಿಸಿದವರಲ್ಲಿ ಒಬ್ಬರು ಆರ್ವಿಲ್ ಕಾರ್ಲೈಲ್, ನೆಬ್ರಾಸ್ಕಾದ ಚಪ್ಪಲಿ ಅಂಗಡಿಯವರು. ಇಂಧನವನ್ನ ಕಾರ್ಖಾನೆಯಲ್ಲೇ ತುಂಬಿ ಸೀಲ್ ಮಾಡಿದ ಮೋಟರ್ ಮಕ್ಕಳ ಕೈಗೆ ಬಂತು. ಇವತ್ತು ಅಲ್ಲಿ 125 ಗ್ರಾಂ ಒಳಗಿನ ಇಂಧನ, ಒಟ್ಟು 1500 ಗ್ರಾಂ ಒಳಗಿನ ತೂಕ, ಕಾಗದ, ಕಟ್ಟಿಗೆ, ಒಡೆಯೋ ಪ್ಲಾಸ್ಟಿಕ್‌ನ ಮೈ ಇದ್ದರೆ ವಿಮಾನಯಾನ ಇಲಾಖೆಯ ಮುಂಗಡ ಅನುಮತಿ ಬೇಕಿಲ್ಲ. ದೊಡ್ಡ ರಾಕೆಟ್ ಇಂಧನ ಸ್ಫೋಟಕ ಅಲ್ಲ ಅಂತ ಹವ್ಯಾಸಿಗಳ ಸಂಘಗಳು ಸರ್ಕಾರದ ಮೇಲೆಯೇ ಕೇಸ್ ಹಾಕಿ, 2009ರಲ್ಲಿ ಗೆದ್ದವು ಕೂಡ.

ನಮ್ಮಲ್ಲಿ ಆಗಲ್ಲ ಅಂತೀರಾ? ಡ್ರೋನ್‌ಗೆ ಆಗಿದೆಯಲ್ಲ! 2021ರ ನಿಯಮದಲ್ಲಿ ತೂಕದ ಪ್ರಕಾರ ವರ್ಗ ಮಾಡಿದ್ದಾರೆ. 2 ಕಿಲೋವರೆಗಿನದನ್ನ ಸುಮ್ನೆ ಹವ್ಯಾಸಕ್ಕೆ ಹಾರಿಸೋರಿಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಹಸಿರು, ಹಳದಿ, ಕೆಂಪು ಅಂತ ಆಕಾಶದ ನಕ್ಷೆಯೇ ಇದೆ. ಎಲ್ಲಿ ಹಾರಿಸಬಹುದು, ಎಲ್ಲಿ ಬೇಡ ಅಂತ ಹುಡುಗರು ಫೋನಲ್ಲೇ ನೋಡಬಹುದು. ಇದೇ ತರಹದ ಒಂದು ನಿಯಮ ಸಣ್ಣ ರಾಕೆಟ್‌ಗೂ ಮಾಡಿ. ಲೈಸೆನ್ಸ್ ಇರೋ ಕಾರ್ಖಾನೆ ಮೋಟರ್ ಮಾಡಲಿ, ಶಾಲೆ ಹೆಸರಲ್ಲಿ ಕೊಳ್ಳೋಣ, ಮಾಸ್ತರ್ ಸಹಿ ಹಾಕಲಿ. ಏನಾದರೂ ಆದರೆ ಜವಾಬ್ದಾರಿ ನನ್ನದೇ.

ಬೀದರ್‌ನಲ್ಲಿ ವಾಯುನೆಲೆ ಇದೆ, ಸೂರ್ಯಕಿರಣ್ ವಿಮಾನಗಳು ಹಾರುತ್ತವೆ ಅಂತ ಗೆಳೆಯರೊಬ್ಬರು ಹೇಳಿದರು. ಹೌದು, ಊರ ಹತ್ತಿರ ಬೇಡವೇ ಬೇಡ. ಭಾಲ್ಕಿ ಕಡೆಯೋ ಔರಾದ್ ಕಡೆಯೋ, ವಾಯುನೆಲೆಯವರೇ ಜಾಗ, ಟೈಮ್ ಗೊತ್ತು ಮಾಡಿಕೊಡಲಿ. ಕಿಡಿಗೇಡಿಗಳು ದುರುಪಯೋಗ ಮಾಡಿದರೆ ಅಂತಲೂ ಕೇಳಿದರು. ಕಿಡಿಗೇಡಿ ಯಾವನೂ ಅರ್ಜಿ ಹಿಡಕೊಂಡು ಕಚೇರಿಗೆ ಬರಲ್ಲ ಸ್ವಾಮಿ.

ಮದ್ದಿನ ಅಪಾಯವನ್ನ ನಮ್ಮೂರಿಗೆ ಯಾರೂ ಹೇಳಿಕೊಡಬೇಕಿಲ್ಲ. 1657ರಲ್ಲಿ ಔರಂಗಜೇಬನ ಮುತ್ತಿಗೆಯಲ್ಲಿ ರಾಕೆಟ್ ಕಿಡಿ ಮದ್ದಿನ ದಾಸ್ತಾನಿಗೆ ಬಿದ್ದು, ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ. ಇದನ್ನ ಮಕ್ಕಳಿಗೆ ಪ್ರತಿ ವರ್ಷ ಕೋಟೆಯಲ್ಲೇ ನಿಂತು ಹೇಳ್ತೀನಿ. ಅದಕ್ಕೇ ಅವರು ಬಕೆಟ್ ನೀರು, ದೂರದಿಂದ ಹೊತ್ತಿಸೋಕೆ ಉದ್ದ ವೈರು, ದೂರ ನಿಲ್ಲೋ ಗೆರೆ, ಎಲ್ಲವನ್ನೂ ಅರ್ಜಿಯಲ್ಲೇ ಬರೆದಿದ್ದರು. ಸಾಹೇಬರು ಓದದೇ ಬಿಟ್ಟ ಪುಟ ಅದೇ.

ನಿನ್ನೆ ರಾತ್ರಿಯೇ ನಮ್ಮ ಓಣಿಯಲ್ಲಿ ಮದುವೆ ಮೆರವಣಿಗೆ ಹೋಯಿತು. ಕುಡಿದವರು ಬಾಟಲಿಯಲ್ಲಿಟ್ಟು ರಾಕೆಟ್ ಬಿಟ್ಟರು. ಒಂದು ನಮ್ಮ ಮಾಳಿಗೆ ಮೇಲೇ ಬಿತ್ತು. ಅವರನ್ನ ಯಾರೂ ಕೇಳಲಿಲ್ಲ.

ಅರ್ಜಿಯನ್ನ ಮತ್ತೆ ಬರೀತಿದ್ದೀನಿ. ಈ ಸಲ ನಾಗಪುರದ ಸ್ಫೋಟಕ ಸುರಕ್ಷತಾ ಸಂಸ್ಥೆಗೂ, ಖಾಸಗಿ ಬಾಹ್ಯಾಕಾಶ ಕೆಲಸಗಳಿಗೆ ಅನುಮತಿ ಕೊಡೋ ಸರ್ಕಾರಿ ಸಂಸ್ಥೆ ಇನ್‌ಸ್ಪೇಸ್‌ಗೂ ಕಳಿಸ್ತೀನಿ. ವಕೀಲ ಗೆಳೆಯರು ಯಾರಾದರೂ ಕರಡು ನೋಡಿ ತಿದ್ದಿಕೊಡಿ. ಸೋಮವಾರ ಪೋಸ್ಟ್ ಮಾಡಬೇಕು.