ನಗುವ ಸದ್ದಿಲ್ಲದ ಆಫೀಸು

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಟಿವಿ ಹಾಕಿದರೆ ಸಾಕು, ಭಾಷೆ ಯಾವುದಾದರೇನು ಎಂದು ಅವರೆಕಾಯಿ ಮೊರ ಹಿಡಿದು ಬಂದು ಕೂರುತ್ತಾಳೆ. ಒಂದು ಭಾನುವಾರ ನಾನು ‘ದಿ ಆಫೀಸ್’ ನೋಡುತ್ತಿದ್ದೆ. ಅಮೆರಿಕದವರು ಆಮೇಲೆ 201 ಕಂತು ಎಳೆದರಲ್ಲ, ಅದಲ್ಲ, ಬಿಬಿಸಿಯ ಮೂಲದ್ದು. ಹತ್ತು ನಿಮಿಷ ಸುಮ್ಮನಿದ್ದವಳು ಕೇಳಿದಳು, “ಯಾರಾದ್ರೂ ಹೋಗಿಬಿಟ್ರೇನೋ? ಎಲ್ಲಾ ಹಿಂಗೆ ಮುಖ ಸಪ್ಪಗೆ ಮಾಡ್ಕೊಂಡು ಕೂತಿದಾರೆ?”

“ಇದು ಕಾಮಿಡಿ ಅಮ್ಮಾ.”

ನನ್ನನ್ನೊಮ್ಮೆ, ಟಿವಿಯನ್ನೊಮ್ಮೆ ನೋಡಿ ಮತ್ತೆ ಕಾಯಿ ಬಿಡಿಸತೊಡಗಿದಳು.

ಅವಳ ತಪ್ಪೇನಿಲ್ಲ. ಉಳಿದ ಕಾಮಿಡಿಗಳಲ್ಲಿ ಎಲ್ಲಿ ನಗಬೇಕೆಂದು ಟಿವಿಯೇ ಹೇಳಿಕೊಡುತ್ತದೆ, ಹಿಂದಿನಿಂದ ನೂರು ಜನ ಘೊಳ್ಳೆಂದು ನಗುತ್ತಾರೆ. ಇಲ್ಲಿ ಜೋಕು ಬಿದ್ದ ಜಾಗದಲ್ಲಿ ಜೆರಾಕ್ಸ್ ಮಷೀನಿನ ಗುಂಯ್ ಸದ್ದೊಂದೇ. ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚೆಂಟ್ ಬರೆದು ನಿರ್ದೇಶಿಸಿದ ಇದು 2001ರ ಜುಲೈಯಲ್ಲಿ ಶುರುವಾದಾಗ ನೋಡಿದವರು ಕಡಿಮೆ. ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಎಂಬ ಊರು, ಅಲ್ಲಿ ವರ್ನಮ್ ಹಾಗ್ ಎಂಬ ಕಾಗದದ ಕಂಪನಿಯ ಶಾಖೆ, ಅಲ್ಲಿಗೆ ಡಾಕ್ಯುಮೆಂಟರಿಯವರು ಕ್ಯಾಮೆರಾ ಹೊತ್ತು ಬಂದಿದ್ದಾರೆ ಎಂಬುದು ನೆಪ. ಆ ಊರಿನ ಮೇಲೆ ಬಾಂಬು ಬೀಳಲಿ ಎಂದು ಜಾನ್ ಬೆಟ್ಜಮನ್ 1937ರಲ್ಲೇ ಪದ್ಯ ಬರೆದಿದ್ದ. ಶಾಖೆಯ ಮ್ಯಾನೇಜರ್ ಡೇವಿಡ್ ಬ್ರೆಂಟ್ ಆ ಪದ್ಯವನ್ನು ಓದಿ, ಇಂಥವನಿಗೆ ಸರ್ ಪದವಿ ಬೇರೆ ಕೊಟ್ಟರಲ್ಲ ಎಂದು ಮುಖ ಸಿಂಡರಿಸುತ್ತಾನೆ.

ಬ್ರೆಂಟ್ ಕೆಟ್ಟವನಲ್ಲ, ಅದೇ ತೊಂದರೆ. ಬೈಯುವ ಮ್ಯಾನೇಜರನ್ನು ಹೇಗೋ ಸಹಿಸಬಹುದು, ಊಟದ ಹೊತ್ತಿನಲ್ಲಿ ಒಟ್ಟಿಗೆ ಕೂತು ಆಡಿಕೊಂಡರೆ ಹಗುರಾಗುತ್ತದೆ. ಎಲ್ಲರಿಗೂ ಗೆಳೆಯನಾಗಬೇಕು, ಎಲ್ಲರನ್ನೂ ನಗಿಸಬೇಕು ಎಂದು ಹಟ ಹಿಡಿದವನನ್ನು ಏನು ಮಾಡುವುದು? ಅವನು ಟೈ ಸರಿಮಾಡಿಕೊಳ್ಳುತ್ತಾ ನಗುವಾಗ ಸೋಫಾದ ದಿಂಬಿನ ಹಿಂದೆ ಅಡಗಿಕೊಳ್ಳೋಣ ಅನ್ನಿಸುತ್ತದೆ.

ನನಗೆ ತೀರಾ ಇಷ್ಟವಾದದ್ದು ಲೆಕ್ಕಪತ್ರ ವಿಭಾಗದ ಕೀತ್‌ನ ಅಪ್ರೈಸಲ್. ದಪ್ಪ ಆಸಾಮಿ, ಮಾತು ಕಮ್ಮಿ, ಕಣ್ಣು ಮಿಟುಕಿಸುವುದೂ ದಂಡ ಎಂಬಂತೆ ಕೂತಿರುತ್ತಾನೆ. ‘ನಿಮ್ಮ ಸಾಮರ್ಥ್ಯಗಳು’ ಎಂಬಲ್ಲಿ ಬರೆದದ್ದು ‘ಅಕೌಂಟ್ಸ್’. ಅದು ನಿನ್ನ ಕೆಲಸವಲ್ಲವೇನಯ್ಯಾ ಅನ್ನುತ್ತಾನೆ ಬ್ರೆಂಟ್. ‘ದೌರ್ಬಲ್ಯಗಳು’ ಎಂಬಲ್ಲಿ ‘ಎಕ್ಸಿಮಾ’, ಅಂದರೆ ಚರ್ಮದ ತುರಿಕೆ. ಮುಂದಿನದು ಆಯ್ಕೆಯ ಪ್ರಶ್ನೆ. ಉತ್ತರಗಳು ಯಾವುವು ಎಂದು ಕೀತ್ ಕೇಳುತ್ತಾನೆ. ಬ್ರೆಂಟ್ ಸಾವಧಾನವಾಗಿ ಅಷ್ಟನ್ನೂ ಓದುತ್ತಾನೆ. ದೀರ್ಘ ಮೌನ. ‘ಗೊತ್ತಿಲ್ಲ’ ಅನ್ನುತ್ತಾನೆ ಕೀತ್. ಮಾರ್ಚ್ ಬಂದರೆ ಸಾಕು, ‘ಐದು ವರ್ಷದಲ್ಲಿ ನಿಮ್ಮನ್ನು ಎಲ್ಲಿ ಕಾಣುತ್ತೀರಿ’ ಎಂಬ ಕಾಲಂ ತುಂಬಲು ಒದ್ದಾಡುವ ನನ್ನಂಥವನಿಗೆ ಕೀತ್ ಋಷಿಯ ಹಾಗೆ ಕಾಣುತ್ತಾನೆ.

ಇಷ್ಟು ಮುಜುಗರ ಪಟ್ಟುಕೊಂಡು ಜನ ಇದನ್ನು ಯಾಕೆ ನೋಡುತ್ತಾರೆ? ಟಿಮ್‌ನ ಕಣ್ಣಿಗಾಗಿ ಎಂದು ನನ್ನ ಲೆಕ್ಕ. ಮಾರ್ಟಿನ್ ಫ್ರೀಮನ್ ಮಾಡಿದ ಪಾತ್ರ. ಪಕ್ಕದ ಮೇಜಿನ ಗ್ಯಾರೆತ್‌ನ ಸ್ಟೇಪ್ಲರನ್ನು ಜೆಲ್ಲಿಯೊಳಗೆ ಹುದುಗಿಸಿಡುವ ಕಿಡಿಗೇಡಿ ಅವನೇ. ಬ್ರೆಂಟ್ ಏನಾದರೂ ಎಡವಟ್ಟು ಮಾತಾಡಿದ ಕೂಡಲೇ ಟಿಮ್ ಕ್ಯಾಮೆರಾದ ಕಡೆ ತಿರುಗಿ ಅರೆಕ್ಷಣ ನೋಡುತ್ತಾನೆ, ಅಷ್ಟೆ. ‘ನೋಡಿದಿರಾ? ನನಗೊಬ್ಬನಿಗೇ ಹೀಗನ್ನಿಸ್ತಿಲ್ಲ ತಾನೆ?’ ಎಂದು ನಮ್ಮನ್ನೇ ಕೇಳಿದ ಹಾಗಿರುತ್ತದೆ. ನಮ್ಮ ಆಫೀಸಿನಲ್ಲಿ ಅಂಥ ಹೊತ್ತಿನಲ್ಲಿ ನೋಡಲು ಫ್ಯಾನು, ಗೋಡೆ, ನೀರಿನ ಬಾಟಲಿ ಬಿಟ್ಟರೆ ಇನ್ನೇನಿದೆ? ಇದನ್ನು ನೋಡಿದ ಯಾರನ್ನೇ ಕೇಳಿ, ‘ನಮ್ಮ ಬಾಸು ಥೇಟ್ ಬ್ರೆಂಟ್’ ಅನ್ನುತ್ತಾರೆ. ತಾನೇ ಬ್ರೆಂಟ್ ಎಂದವನನ್ನು ನಾನಿನ್ನೂ ಕಂಡಿಲ್ಲ. ನಾನಂತೂ ಟಿಮ್, ಅದರಲ್ಲಿ ಅನುಮಾನ ಬೇಡ.

ಆರಾರು ಕಂತಿನ ಎರಡು ಸರಣಿ, 2003ರ ಕ್ರಿಸ್‌ಮಸ್‌ಗೆ ಇನ್ನೆರಡು ಕಂತು, ಹದಿನಾಲ್ಕಕ್ಕೆ ಮುಗಿಸಿಬಿಟ್ಟರು. 2004ರಲ್ಲಿ ಗೋಲ್ಡನ್ ಗ್ಲೋಬ್ ಬಂತು. ಪ್ರಶಸ್ತಿಗಿಂತ ನಿಲ್ಲಿಸಿದ್ದೇ ದೊಡ್ಡದು ಅನ್ನಿಸುತ್ತದೆ ನನಗೆ. ನಮ್ಮ ಸೋಮವಾರದ ಮೀಟಿಂಗುಗಳಿಗೂ ಆ ಬುದ್ಧಿ ಬರಬೇಕಿತ್ತು.

ಅಮ್ಮ ಎರಡನೆಯ ಸರಣಿಯ ಐದನೆಯ ಕಂತಿಗೂ ಇದ್ದಳು, ಆ ದಿನ ತೊಗರಿಕಾಯಿ. ದತ್ತಿ ಹಣ ಕೂಡಿಸುವ ದಿನವೆಂದು ಬ್ರೆಂಟ್ ಉಷ್ಟ್ರಪಕ್ಷಿಯ ಮೇಲೆ ಸವಾರಿ ಮಾಡುವವನ ವೇಷ ತೊಟ್ಟಿದ್ದಾನೆ. ಮೇಲಿನವರಿಬ್ಬರು ಅವನನ್ನು ಕೂರಿಸಿಕೊಂಡು, ಇನ್ನು ನಿನ್ನ ಕೆಲಸ ಇಲ್ಲ ಅನ್ನುತ್ತಾರೆ. ಅಮ್ಮನ ಕೈ ನಿಂತಿತು.

“ಕೆಲಸದಿಂದ ತೆಗೆದ್ರೇನೋ?”

“ಹೂಂ.”

“ಪಾಪ. ಆ ವೇಷ ಕಳಚೋವರೆಗಾದ್ರೂ ತಡೀಬಾರದಿತ್ತಾ?”

ನಾನು ಸುಮ್ಮನಿದ್ದೆ. ಅವಳು ಸಿಪ್ಪೆ ಒಟ್ಟು ಮಾಡಿಕೊಂಡು ಏಳುತ್ತಾ ಅಂದಳು, “ಒಳ್ಳೆಯವನೇ ಕಣೋ. ತಾನೇ ಹೇಳಿ ತಾನೇ ನಗ್ತಾನೆ, ಥೇಟ್ ನಿನ್ನ ಹಾಗೆ.”

ನಾನು ಫ್ಯಾನಿನ ಕಡೆ ನೋಡಿದೆ.