ಮುಟ್ಟುವ ಮೊದಲು ನಾಯಿಯನ್ನೂ ಕೇಳಿ

ನಾಯಿ ಸಾಕಬೇಕು ಅಂತ ಆಸೆಯಾದಾಗ ನಾನು ಪುಸ್ತಕ ಹಿಡಿದು ಓದಬೇಕಾಯಿತು. ನಾವಿರುವುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅದು ಲೋವರ್ ಸ್ಯಾಕ್ಸನಿ ರಾಜ್ಯದ ರಾಜಧಾನಿ. ಈ ರಾಜ್ಯದಲ್ಲಿ ಹೊಸದಾಗಿ ನಾಯಿ ಸಾಕುವವರು ಮೊದಲು ಒಂದು ಪ್ರಶ್ನೆಪತ್ರಿಕೆ ಬರೆದು ಪಾಸಾಗಬೇಕು. ನಾಯಿ ಮನೆಗೆ ಬಂದ ಒಂದು ವರ್ಷದೊಳಗೆ ಅದರ ಜೊತೆ ಹೋಗಿ ಇನ್ನೊಂದು ಪರೀಕ್ಷೆ ಮುಗಿಸಬೇಕು. 2013ರಿಂದ ಈ ನಿಯಮ ಇದೆ.

ನಾನು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಬೆಳೆದವನು. ನಾಯಿ ಇಲ್ಲದ ಅಂಗಳವನ್ನು ನೋಡಿದ್ದೇ ಇಲ್ಲ. ನನಗೇ ಪರೀಕ್ಷೆಯಾ ಅಂತ ಬೇಸರವಾಗಿತ್ತು. ಓದುತ್ತಾ ಹೋದ ಹಾಗೆ ಆ ಬೇಸರ ಹೋಗಿ ಬೇರೆಯದೇ ಸಂಕಟ ಶುರುವಾಯಿತು. ಊರಿನ ನಮ್ಮ ನಾಯಿ ಕಾಳು ಎಷ್ಟೊಂದು ಸಲ ಏನೋ ಹೇಳಿತ್ತು, ನಮಗೆ ಕೇಳಿಸಿರಲಿಲ್ಲ.

ನಾಯಿ ಮುಖ ಪಕ್ಕಕ್ಕೆ ತಿರುಗಿಸಿದರೆ, ನಿದ್ದೆ ಬರದಿದ್ದರೂ ಆಕಳಿಸಿದರೆ, ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಂಡರೆ ಅದಕ್ಕೆ ಕಿರಿಕಿರಿ ಆಗುತ್ತಿದೆ ಅಂತ ತಿಳಿಯಬೇಕು. ಬಾಲ ಅಲ್ಲಾಡಿದರೆ ಖುಷಿ ಅಂತಲೇ ಅರ್ಥವಲ್ಲ. ಇವನ್ನೆಲ್ಲ ಹೇಳಿಯೂ ಯಾರೂ ಕೇಳದಿದ್ದಾಗ ಅದು ಗುರ್ ಅನ್ನುತ್ತದೆ. ಕಚ್ಚುವುದು ಅದಕ್ಕೂ ಆಮೇಲೆ. ನಾವು ಮಾತ್ರ 'ಸುಮ್ನೆ ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು' ಅನ್ನುತ್ತೇವೆ.

ಹೋದ ವರ್ಷ ಊರಿಗೆ ಬಂದಾಗ ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅವರ ಲ್ಯಾಬ್ರಡಾರ್‌ಗೆ ಅವತ್ತು ಹುಟ್ಟುಹಬ್ಬ. ತಲೆಗೆ ಟೋಪಿ, ಕೇಕು, ಅಪಾರ್ಟ್‌ಮೆಂಟಿನ ಏಳೆಂಟು ಮಕ್ಕಳು. ಒಬ್ಬೊಬ್ಬರಾಗಿ ಅದರ ಕುತ್ತಿಗೆ ತಬ್ಬಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾಯಿ ಆಕಳಿಸಿತು. ಮುಖ ತಿರುಗಿಸಿತು. ಮೇಜಿನ ಕೆಳಗೆ ಹೋಗಲು ನೋಡಿತು, ಮತ್ತೆ ಎಳೆದು ತಂದರು. ನನಗೆ ತಡೆಯಲಾಗಲಿಲ್ಲ. 'ಮಕ್ಕಳೇ, ಎಲ್ಲರೂ ನೆಲದ ಮೇಲೆ ಕೂತ್ಕೊಳ್ಳಿ. ಯಾರೂ ಕರೀಬೇಡಿ, ದಿಟ್ಟಿಸಿ ನೋಡ್ಬೇಡಿ' ಅಂದೆ. ಐದು ನಿಮಿಷ ಆಗಿರಬೇಕು. ನಾಯಿ ತಾನಾಗಿಯೇ ಎದ್ದು ಬಂತು. ಒಬ್ಬೊಬ್ಬರನ್ನೂ ಮೂಸಿ, ಕೊನೆಗೆ ಎಲ್ಲರಿಗಿಂತ ಚಿಕ್ಕ ಹುಡುಗಿಯ ಕಾಲಿಗೆ ಒರಗಿ ಮಲಗಿತು. ಆ ಮಗು ಉಸಿರು ಬಿಗಿಹಿಡಿದು ಕೂತಿದ್ದು ಈಗಲೂ ಕಣ್ಣಮುಂದಿದೆ.

ಜರ್ಮನಿಯಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ. ಎದೆ ಅಥವಾ ಗಲ್ಲದ ಕೆಳಗೆ ಮೂರು ಸೆಕೆಂಡು ಕೆರೆದು ಕೈ ತೆಗೆಯಬೇಕು. ಇನ್ನೂ ಬೇಕು ಅಂತ ನಾಯಿ ಒತ್ತಿಕೊಂಡು ಬಂದರೆ ಮುಂದುವರಿಸಬಹುದು. ಸುಮ್ಮನಿದ್ದರೆ ಅಲ್ಲಿಗೆ ಬಿಡಬೇಕು. ಬಗ್ಗಿ ನಿಂತು ತಲೆ ಮೇಲೆ ತಟ್ಟುವುದು ಎಷ್ಟೋ ನಾಯಿಗಳಿಗೆ ಹೆದರಿಕೆ.

ಈ ಮಾತು ಫೋನಿನಲ್ಲಿ ಹೇಳಿದರೆ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. 'ಬೆಕ್ಕನ್ನ ಎತ್ಕೋಬೇಡ, ಬೇಕಾದ್ರೆ ಅದೇ ಬರತ್ತೆ ಅಂತ ನಿನ್ನಜ್ಜಿ ಹೇಳ್ತಿರಲಿಲ್ವನೋ?' ಅಂದರು. ಹೌದು, ಅಜ್ಜಿ ಬೆಕ್ಕನ್ನು ಮುದ್ದು ಮಾಡಿದ್ದು ನಾನು ಕಂಡಿಲ್ಲ. ಆದರೂ ಅದು ಒಲೆಯ ಹತ್ತಿರ ಅಜ್ಜಿಯ ಸೀರೆ ಸೆರಗಿನ ಮೇಲೇ ಮಲಗುತ್ತಿತ್ತು. ಬೆಕ್ಕಿನ ಕಡೆ ನೋಡಿ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆದರೆ ಅದೂ ಹಾಗೇ ಮಾಡುತ್ತದೆ, ಅಪರಿಚಿತರ ಹತ್ತಿರವೂ ಬರುವುದು ಜಾಸ್ತಿ ಅಂತ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಬರೆದಿದ್ದಾರೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಒಲೆ ಮುಂದೆ ತೂಕಡಿಸುತ್ತಿದ್ದ ಅವರಿಬ್ಬರು.

ಅನ್ನ ಹಾಕುವ ವಿಷಯದಲ್ಲಿ ಮಾತ್ರ ನಾವು ಬದಲಾಗಲೇಬೇಕು. ನಮಗೆ ಪ್ರೀತಿ ಅಂದರೆ ಬಡಿಸುವುದು. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರನ್ನ ನಾಯಿಗೂ ಬೆಕ್ಕಿಗೂ ಒಳ್ಳೆಯದಲ್ಲ, ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಪಾಯಸದ ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ಚಾಕಲೇಟ್ ಕೂಡ ವಿಷವೇ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲು ಅರಗುವುದಿಲ್ಲ.

ಇನ್ನೊಂದು, ಸುತ್ತಾಟ. ಹ್ಯಾನೋವರ್‌ನ ಮಧ್ಯದಲ್ಲೇ ಐಲೆನ್‌ರೀಡೆ ಅನ್ನುವ ದೊಡ್ಡ ಕಾಡಿದೆ. ನಮ್ಮ ನಾಯಿ ಅಲ್ಲಿ ಒಂದೊಂದು ಬುಡವನ್ನೂ ಎರಡು ನಿಮಿಷ ಮೂಸುತ್ತದೆ. ಮೊದಮೊದಲು ಹಗ್ಗ ಎಳೆಯುತ್ತಿದ್ದೆ. ಈಗ ನಿಲ್ಲುತ್ತೇನೆ. ಅದು ಪೇಪರ್ ಓದುತ್ತಿದೆ ಅಂದುಕೊಳ್ಳುತ್ತೇನೆ. ಅಕ್ಕನ ಮನೆಯ ನಾಯಿಗೆ ಸಿಗುವುದು ಕೆಲಸದ ಹುಡುಗನ ಜೊತೆ ಹತ್ತು ನಿಮಿಷ, ಅದೂ ಓಟದಲ್ಲಿ. ಆ ಕೇಕಿನ ಬದಲು ಅವಳೇ ದಿನಾ ಅರ್ಧ ಗಂಟೆ ಕರೆದುಕೊಂಡು ಹೋಗಲಿ ಅಂತ ನನ್ನ ಆಸೆ.

ಇಲ್ಲಿಯ ಎಲ್ಲವನ್ನೂ ನಮ್ಮೂರಿಗೆ ಹೊತ್ತು ತರಲು ಆಗುವುದಿಲ್ಲ. ಜರ್ಮನಿಯಲ್ಲಿ ನಾಯಿ, ನರಿಗಳಿಂದ ಬರುವ ರೇಬೀಸ್ ಇಲ್ಲ. 2008ರಲ್ಲೇ ಅದರಿಂದ ಮುಕ್ತ ಅಂತ ಘೋಷಿಸಿದ್ದಾರೆ. ನಮ್ಮಲ್ಲಿ ಹಾಗಲ್ಲ. ಊರಿನಲ್ಲಿ ನಾಯಿಗೆ ತಪ್ಪದೆ ಲಸಿಕೆ ಹಾಕಿಸುವುದೇ ಮೊದಲ ಮುದ್ದು. ಮಕ್ಕಳ ಮುಖ ನೆಕ್ಕಲು ಬಿಡಬಾರದು. ಬೀದಿನಾಯಿ ಪರಚಿದರೂ ಹದಿನೈದು ನಿಮಿಷ ಸೋಪು ಹಾಕಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಾಳುವನ್ನು ಹಗಲೆಲ್ಲ ಕೊಟ್ಟಿಗೆಯ ಕಂಬಕ್ಕೆ ಸರಪಳಿಯಲ್ಲಿ ಕಟ್ಟುತ್ತಿದ್ದೆವು. ರಾತ್ರಿ ಮಾತ್ರ ಬಿಡುವುದು. ಮಲೆನಾಡಿನಲ್ಲಿ ಇದು ಮನೆಮನೆಯ ರೂಢಿ. ಜರ್ಮನಿಯ ಈಗಿನ ನಿಯಮದಲ್ಲಿ ನಾಯಿಯನ್ನು ಹೀಗೆ ಕಟ್ಟಿಹಾಕಿ ಸಾಕುವಂತಿಲ್ಲ. ದಿನಕ್ಕೆ ಹಲವು ಸಲ ಮನುಷ್ಯರ ಒಡನಾಟವೂ ಸಿಗಬೇಕು. ಕಾಳು ಸತ್ತು ಹದಿನಾರು ವರ್ಷವಾಯಿತು. ಊರಿನಲ್ಲಿ ಈಗ ತಮ್ಮ ಸಾಕಿದ ಕೆಂಚ ಇದೆ. ಅದೇ ಕಂಬ, ಅದೇ ಸರಪಳಿ. 'ಬಿಚ್ಚೋ' ಅಂದೆ. 'ಪಕ್ಕದ ಮನೆ ಕೋಳಿ ಹಿಡಿದ್ರೆ ಜರ್ಮನಿಯಿಂದ ನೀನು ಬರ್ತೀಯಾ ಅಣ್ಣ?' ಅಂದ. ಅವನ ಮಾತೂ ನಿಜ. ಇಬ್ಬರೂ ಸೇರಿ ಹಿತ್ತಲಿಗೆ ತಂತಿಬಲೆ ಬೇಲಿ ಹಾಕಿದೆವು, ಎರಡು ದಿನ ಹಿಡಿಯಿತು. ಮೊನ್ನೆ ತಮ್ಮ ಒಂದು ವಿಡಿಯೋ ಕಳಿಸಿದ್ದ. ಸಂಜೆ ಅಡಿಕೆ ತೋಟಕ್ಕೆ ಹೊರಟಿದ್ದಾನೆ, ಕೆಂಚ ಮುಂದೆ. ಒಂದು ಮರದ ಬುಡದಲ್ಲಿ ಅದು ನಿಂತಿತು. ತಮ್ಮನೂ ನಿಂತ.