ಎಷ್ಟು ಎಕರೆ?

ಮೊನ್ನೆ ಬೆಂಗಳೂರಿನ ಮದುವೆಯೊಂದರಲ್ಲಿ ಪಕ್ಕದ ಎಲೆಯವರು ನನ್ನ ಊರು ಕೇಳಿದರು. ‘ಚಿಕ್ಕಮಗಳೂರು ಜಿಲ್ಲೆ’ ಅಂದೆ. ಸಾರನ್ನ ಕಲಸುತ್ತಿದ್ದ ಕೈ ಅಲ್ಲೇ ನಿಂತಿತು.

‘ಎಷ್ಟು ಎಕರೆ?’

ಕಾಫಿ ತೋಟ ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ಅವರೇ ಪಾಸು ಮಾಡಿಕೊಂಡು ಮುಂದಿನದಕ್ಕೆ ಬಂದಿದ್ದರು.

ನಮ್ಮದು ಕಡೂರು ಸೀಮೆ ಸ್ವಾಮಿ. ಮುಂಗಾರಿನ ಮೋಡ ಬೆಟ್ಟದ ಆ ಮಗ್ಗುಲಲ್ಲೇ ಸುರಿದು ಹಗುರಾಗಿ, ನಮ್ಮ ತಲೆಯ ಮೇಲೆ ಸುಮ್ಮನೆ ಹಾದುಹೋಗುತ್ತದೆ. ರಾಗಿ, ಈರುಳ್ಳಿ, ತೆಂಗು ಇಷ್ಟೇ ನಮ್ಮ ಪಾಲಿಗೆ. ಬಾಬಾ ಬುಡನ್ ಯೆಮೆನ್‌ನಿಂದ 7 ಕಾಫಿ ಬೀಜ ಬಚ್ಚಿಟ್ಟು ತಂದರೆಂಬ ಕಥೆಯಿದೆಯಲ್ಲ, ಅದರಲ್ಲಿ ಒಂದಾದರೂ ಗಿರಿಯಿಂದ ಉರುಳಿ ಈ ಕಡೆ ಬರಲಿಲ್ಲ. ಬಂದಿದ್ದರೂ ಒಣಗುತ್ತಿತ್ತು ಬಿಡಿ.

ನಮ್ಮ ಚಿಕ್ಕಪ್ಪನಿಗೆ ಹೆಣ್ಣು ಗೊತ್ತಾದಾಗ ಬೆಂಗಳೂರಿನಿಂದ ಅವರ ಕಡೆಯವರು ಮನೆ ನೋಡಲು ಬಂದರು. ಏಪ್ರಿಲ್ ತಿಂಗಳು. ಮೆಟಡೋರ್ ಬಾಗಿಲು ತೆಗೆದರೆ ಒಬ್ಬೊಬ್ಬರಾಗಿ ಸ್ವೆಟರ್‌ಗಳು ಇಳಿದವು. ಒಬ್ಬ ಹಿರಿಯರಂತೂ ಮಂಕಿ ಕ್ಯಾಪನ್ನು ಗದ್ದದವರೆಗೆ ಎಳೆದುಕೊಂಡು, ಮೂಗಿನ ತುದಿಯಲ್ಲಿ ಬೆವರು ತೊಟ್ಟಿಕ್ಕಿಸುತ್ತಾ ನಿಂತಿದ್ದರು. ಹುಡುಗಿಯ ತಾಯಿ ಸೆರಗಿನಲ್ಲಿ ಉಪ್ಪಿನ ಗಂಟು ಕಟ್ಟಿಕೊಂಡು ಬಂದಿದ್ದರು.

‘ಇಲ್ಲಿ ಇಂಬಳ ಹತ್ತಲ್ವಾ?’

‘ಮನುಷ್ಯರಿಗೇ ಕುಡಿಯಕ್ಕೆ ನೀರಿಲ್ಲ ಕಣವ್ವ, ಅದಕ್ಕೆಲ್ಲಿಂದ ತರಾಣ?’ ಅಂದಳು ಅಜ್ಜಿ. ಆಮೇಲೆ ಆ ಗಂಟನ್ನು ಇಸಿದುಕೊಂಡು, ಬಂದವರ ಮಜ್ಜಿಗೆಗೇ ಉಪ್ಪು ಉದುರಿಸಿದಳು.

ಹುಡುಗಿಯ ಸೋದರಮಾವ ಮಾತ್ರ ಜಗಲಿಯಿಂದ ಕದಲಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ರಾಗಿ ಕೊಯ್ದ ಬಯಲನ್ನೇ ನೋಡಿ, ‘ಎಸ್ಟೇಟು ಇನ್ನೂ ಮುಂದಿದೆಯಾ?’ ಎಂದು ಕೇಳಿದರು.

ತಾತ ಎಲೆಯಡಿಕೆ ಮೆಲ್ಲುತ್ತಲೇ ಹೇಳಿದ: ‘ಮುಂದೆ ಬೀರೂರಿದೆ.’

ಆದರೂ ಮದುವೆ ಆಯಿತು, ಚಿಕ್ಕಮ್ಮ ಬಂದಳು.

ಮನುಷ್ಯನಿಗೆ ಈ ಪರಿ ಅವಸರ ಯಾಕೆ ಎಂಬುದನ್ನು ವಿಚಾರ ಮಾಡಿ ಬರೆಯೋಣವೆಂದು ಕೂತವನು ನಾನು. ಮಲೆನಾಡಿನವರೇನೂ ಕಮ್ಮಿಯಿಲ್ಲ, ಕಡೂರು ಅಂದ ತಕ್ಷಣ ಅಯ್ಯೋ ಪಾಪ ಎನ್ನುವಂತೆ ನೀರಿನ ಚೊಂಬು ಮುಂದೆ ತಳ್ಳುತ್ತಾರೆ. ಊಹಿಸಿಕೊಳ್ಳಲಿ, ಅದಕ್ಕೇನೂ ಕಾಸು ಕೊಡಬೇಕಾಗಿಲ್ಲ. ಆದರೆ ತೋಟ ಇಲ್ಲ ಎಂದಾಗ ಮುಖ ಸಣ್ಣಗಾಗುತ್ತದಲ್ಲ, ಅವರ ಪಾಲಿನ ಆಸ್ತಿಯನ್ನು ನಾನೇ ಇಸ್ಪೀಟಿನಲ್ಲಿ ಕಳೆದವನಂತೆ ನೋಡುತ್ತಾರಲ್ಲ, ಆಗ ಮೈ ಉರಿಯುತ್ತದೆ.

ಚಿಕ್ಕಮ್ಮನ ದೂರದ ನೆಂಟರು ಈಗಲೂ ‘ನಿಮ್ಮ ತೋಟದ ಪುಡೀನೇ ಕಳ್ಸಿ’ ಎಂದು ಫೋನ್ ಮಾಡುತ್ತಾರೆ. ವಿವರಿಸಿ ಸಾಕಾದ ಚಿಕ್ಕಪ್ಪ ಪೇಟೆಯಲ್ಲಿ ಕಾಫಿಪುಡಿ ಕೊಂಡು, ಪೊಟ್ಟಣದ ಚೀಟಿ ಕಿತ್ತು ಕಳಿಸುತ್ತಾನೆ. ಹೋದ ಸಲ ಅವರು, ‘ಯಾಕೋ ಈ ವರ್ಷ ನಿಮ್ಮ ಗಿಡಗಳಿಗೆ ಗೊಬ್ಬರ ಸಾಲದಾಗಿದೆ’ ಅಂದರಂತೆ.